ಪಟಾಲಮ್ಮನ ಕೊಳದ ಗೆಂಡೆ ಮೀನುಗಳ ಸಿಡುಬು ಹಾಗೂ ಅವುಗಳ ಜೀನು ಜಮಾ ಮಾಡುವ ಬಗ್ಗೆ

............ ಇಲಾಖೆ
ಕೆರೆ, ಕುಂಟೆ ಮತ್ತು ಕೊಳಗಳ ಹಂಗಾಮಿ ಅಧೀಕ್ಷಕರ ಕಚೇರಿ
ದಂಡಿನ ವಿಭಾಗ, ಹಲಸೂರು, ಬೆಂಗಳೂರು

ಸುತ್ತೋಲೆ ಸಂಖ್ಯೆ: ಕೆ.ಕುಂ.ಕೊ./ಮೀನು/ಚರ್ಮ/೧೭/೪೮-೪೯
ದಿನಾಂಕ: ೫ನೇ ಫೆಬ್ರವರಿ ೧೯೪೯, ಶನಿವಾರ

ವಿಷಯ: ಹಲಸೂರು ಪಟಾಲಮ್ಮನ ಗುಡಿಯ ಹಿಂದಿನ ಕಲ್ಲುಕೊಳದಲ್ಲಿರುವ ಸರ್ಕಾರಿ ಗೆಂಡೆ ಮೀನುಗಳಿಗೆ ತಗುಲಿರುವ ಚರ್ಮರೋಗವನ್ನು ಗುರುತಿಸುವುದು, ನಿರ್ವಹಿಸುವುದು ಮತ್ತು ಸದರಿ ಮೀನುಗಳನ್ನು ನಿಯಮಾನುಸಾರ ನಾಶಪಡಿಸುವುದು.

ಉಲ್ಲೇಖ:
(೧) ಈ ಕಚೇರಿಯ ಪರಿವೀಕ್ಷಕ ಮುನಿಕೃಷ್ಣಪ್ಪನವರ ವರದಿ, ಔಷಧಿ ಕೋರಿ.
(೨) ಮೇಲಿನ ಕಚೇರಿಯ ಆದೇಶ, ಔಷಧಿ ಕೊಡದೆ.
(೩) ದಂಡಿನ ಹಳೆಯ ಕಟ್ಟಳೆಗಳ ಪುಸ್ತಕ, ಹೇಸರಗತ್ತೆಗಳ ಅಧ್ಯಾಯ.
(೪) ಶ್ರೀಮತಿ ಅಂಜಿನಮ್ಮನವರು ಅಡುಗೆಮನೆಯಲ್ಲಿ ಆಡಿದ ಮಾತು, ಮೌಖಿಕ.

ಪೀಠಿಕೆ

ಕುಕ್ ಟೌನಿನ ಬಂಗಲೆಯೊಂದರ ದೊರೆಗಳು ಸ್ವದೇಶಕ್ಕೆ ಗಂಟುಮೂಟೆ ಕಟ್ಟುವಾಗ, ನೀಲಗಿರಿಯಿಂದ ತರಿಸಿ ಸಾಕಿದ್ದ ಗೆಂಡೆ ಮೀನುಗಳನ್ನು ಹಡಗು ಹತ್ತಿಸಲಾರದೆ, ಬಾಲ್ದಿಗಳಲ್ಲಿ ತುಂಬಿ ಈ ಕಚೇರಿಗೆ ದಯಪಾಲಿಸಿದ್ದು, ಕಚೇರಿಯು ಅವನ್ನು ಪಟಾಲಮ್ಮನ ಕೊಳಕ್ಕೆ ಬಿಟ್ಟಿರುತ್ತದೆ. ಅಂದಿನಿಂದ ಮೀನುಗಳು ಸರ್ಕಾರದ ಸ್ವತ್ತು. ಆದರೆ ದಿನಾ ಬೆಳಿಗ್ಗೆ ಅವುಗಳಿಗೆ ಪುರಿ ಹಾಕಿ, ಒಂದೊಂದನ್ನೂ ಹೆಸರು ಹಿಡಿದು ಮಾತಾಡಿಸುವವರು ಗುಡಿಯ ಪಕ್ಕದ ಮನೆಯ ಅಂಜಿನಮ್ಮನವರು. ಸದರಿ ಅಂಜಿನಮ್ಮನವರು ಪರಿವೀಕ್ಷಕ ಮುನಿಕೃಷ್ಣಪ್ಪನವರ ತಾಯಿ ಎಂಬುದನ್ನು ಕಚೇರಿಯು ಗಮನಿಸಿದೆ. ಗಮನಿಸದೆ ಇರಲು ಆಕೆ ಬಿಟ್ಟಿಲ್ಲ.

ಈ ಸಲದ ಧನುರ್ಮಾಸದ ಚಳಿಯಲ್ಲಿ ಮೀನುಗಳ ಮೈಮೇಲೆ ಬಿಳಿ ಗುಳ್ಳೆಗಳೆದ್ದವು. ಒಂದು ಸೀಸೆ ಔಷಧಿಯಾದರೂ ಬಂದೀತೆಂಬ ಆಸೆಯಿಂದ, ವಿಷಯಕ್ಕೆ ಕೊಂಚ ತೂಕವಿರಲಿ ಎಂದು, ಪರಿವೀಕ್ಷಕರು ತಮ್ಮ ವರದಿಯಲ್ಲಿ 'ಸಿಡುಬು' ಎಂದು ಬರೆದರು. ಎಡವಟ್ಟಾದದ್ದು ಇಲ್ಲಿಯೇ. ಮೇಲಿನ ಕಚೇರಿಯಲ್ಲಿ ಮೀನಿನ ಸಿಡುಬಿಗೆ ನಿಯಮವಿರಲಿಲ್ಲ. ದಂಡು ಪ್ರದೇಶವನ್ನು ಮೈಸೂರಿಗೆ ಒಪ್ಪಿಸಿ ಹೋಗುವಾಗ ಇಂಗ್ಲಿಷರು ಬಿಟ್ಟುಹೋದ ಕಪಾಟನ್ನು ತಡಕಾಡಿದ್ದಕ್ಕೆ, ಸಿಡುಬು ಬಂದ ಪ್ರಾಣಿಯ ಕುರಿತು ಒಂದೇ ಒಂದು ನಿಯಮ ಸಿಕ್ಕಿತು. ಅದು ಪಲ್ಟನ್ನಿನ ಸಾಮಾನು ಹೊರುತ್ತಿದ್ದ ಹೇಸರಗತ್ತೆಗಳದ್ದು. ನಿಯಮವೇ ಇಲ್ಲದೆ ಕುಳಿತಿರುವುದಕ್ಕಿಂತ ಹೇಸರಗತ್ತೆಯದಾದರೂ ಆಗಲಿ ಎಂದು ಮೇಲಿನ ಕಚೇರಿಯವರು ಅದನ್ನೇ ಎತ್ತಿ ಬರೆದು, 'ಸದರಿ ಪ್ರಾಣಿಗಳನ್ನು ಅಧ್ಯಾಯದ ಎಲ್ಲ ಕಲಮುಗಳ ಪ್ರಕಾರ ಕೂಡಲೇ ನಾಶಪಡಿಸಿ, ಸುಣ್ಣ ಹಾಕಿ ಹೂಳಿ ವರದಿ ಮಾಡುವುದು' ಎಂದು ಆಜ್ಞಾಪಿಸಿದರು.

ಆದೇಶ ತಲುಪುವ ಹೊತ್ತಿಗೆ ಅಧೀಕ್ಷಕರು ಮಗಳ ಮದುವೆಯ ರಜೆಯಲ್ಲಿದ್ದರು. ಅವರ ಕುರ್ಚಿಗೆ ಹಂಗಾಮಿಯಾಗಿ ನೇಮಕವಾಗಿದ್ದವರು ಪರಿವೀಕ್ಷಕ ಮುನಿಕೃಷ್ಣಪ್ಪನವರೇ. ಆದ್ದರಿಂದ ಆದೇಶವನ್ನು ಹಂಗಾಮಿ ಅಧೀಕ್ಷಕರು ಸ್ವೀಕರಿಸಿ, ಜಾರಿ ಮಾಡಲು ಪರಿವೀಕ್ಷಕರಿಗೆ ಕೊಟ್ಟರು. ಪರಿವೀಕ್ಷಕರು ಅದನ್ನು ಓದಿ ಬೆವೆತರು. ಹಂಗಾಮಿ ಅಧೀಕ್ಷಕರೂ ಅದೇ ಹೊತ್ತಿಗೆ, ಅದೇ ಅಂಗಿಯೊಳಗೆ ಬೆವೆತರು.

ಮನೆಗೆ ಹೋಗಿ ತಾಯಿಗೆ ವಿಷಯ ತಿಳಿಸಲಾಯಿತು. ಆಕೆಯ ಹೇಳಿಕೆಯನ್ನು ಯಥಾವತ್ತಾಗಿ ಕೊಟ್ಟಿದೆ: "ಮೀನ್‌ಗೆ ಅಮ್ಮ ಬಂದವ್ಳೆ ಕಣೋ. ಬಂದಿರೋ ಅಮ್ಮನ್ನ ಉಪಚಾರ ಮಾಡಿ ಕಳಿಸ್ತಾರೋ, ಸುಣ್ಣದ ಗುಂಡಿಗೆ ತಳ್ತಾರೋ? ನಿನ್ನ ಮೈಮೇಲೆ ಬಂದಾಗ ಬೇವಿನ ಸೊಪ್ಪು ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ದೆ. ಆವಾಗ್ಲೂ ಯಾವನೋ ಒಬ್ಬ ಟೋಪಿಯವನು ಬಂದು, ಇವನನ್ನ ಊರಾಚೆ ಗುಡಿಸಲಿಗೆ ಹಾಕ್ಬೇಕು ಅಂದ. ಒನಕೆ ತೋರಿಸ್ದೆ, ಹೋದ. ಆ ಮೀನ್‌ಗೆ ಕೈ ಹಚ್ಚಿದ ದಿನ ನಿಂಗೆ ಮುದ್ದೆ ಬಡಿಸೋಳು ನಾನಲ್ಲ."

ಇಷ್ಟು ಹೇಳಿ, ಆಕೆ ಮುಂಗಡವಾಗಿ ಅಂದಿನಿಂದಲೇ ಬಡಿಸುವುದನ್ನು ನಿಲ್ಲಿಸಿದ್ದಾರೆ. ಮಾತುಕತೆಯೂ ಸ್ಥಗಿತಗೊಂಡಿದೆ. ಪರಿವೀಕ್ಷಕರು ತಾವೇ ಮಡಕೆಯ ಮುಚ್ಚಳ ತೆಗೆದು ಹಾಕಿಕೊಂಡು ತಿನ್ನುತ್ತಿದ್ದು, ಹುರುಳಿ ಸಾರು ಎಂದಿನಂತೆಯೇ ಇದ್ದರೂ ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿದೆ. ಆದೇಶ ಮೀರಿದರೆ ಕೆಲಸ ಹೋಗುತ್ತದೆ. ಮೀನು ಹೋದರೆ ತಾಯಿ ಈ ಜನ್ಮದಲ್ಲಿ ಮಾತಾಡಿಸುವುದಿಲ್ಲ. ಈ ಸಂದರ್ಭದಲ್ಲಿ, ಆದೇಶವನ್ನು ಚಾಚೂ ತಪ್ಪದೆ, ಒಂದಕ್ಷರವನ್ನೂ ಬಿಡದೆ ಪಾಲಿಸಲು ತೀರ್ಮಾನಿಸಿ, ಕೆಳಕಂಡ ಕ್ರಮಗಳನ್ನು ಈ ಸುತ್ತೋಲೆಯ ಮೂಲಕ ವಿಧಿಸಲಾಗಿದೆ.

ಕ್ರಮಗಳು

೧. ರೋಗವನ್ನು ಮೊದಲು ಗುರುತಿಸತಕ್ಕದ್ದು. ಉರಿಯುವ ಮೇಣದ ಬತ್ತಿಯಿಂದ ತೊಟ್ಟಿಕ್ಕಿ ಗಟ್ಟಿಯಾದ ಹನಿಗಳಂತೆ, ನುಣುಪಾದ, ಹಾಲುಬಿಳುಪಿನ ಅಥವಾ ಬೂದುಬಣ್ಣದ ಗುಳ್ಳೆಗಳು ಮೀನಿನ ಮೈ, ತಲೆ, ರೆಕ್ಕೆಗಳ ಮೇಲೆ ಕಂಡರೆ ಅದೇ ಈ ರೋಗ. ಹತ್ತಿಯ ಎಳೆಗಳಂತೆ ಜೂಲುಜೂಲಾಗಿ ನೀರಿನಲ್ಲಿ ಅಲುಗಾಡುತ್ತಿದ್ದರೆ ಅದು ಬೂಷ್ಟು; ಅದಕ್ಕೆ ಬೇರೆ ಕಡತವಿದೆ. ಈ ರೋಗದ ಮೀನು ಎಂದಿನಂತೆ ತಿನ್ನುತ್ತದೆ, ಈಜುತ್ತದೆ, ಜಗಳವಾಡುತ್ತದೆ. ನೋಡುವವರಿಗೆ ಸಂಕಟವಾಗುವಷ್ಟು ಮೀನಿಗೆ ಆಗುವಂತೆ ಕಾಣುವುದಿಲ್ಲ. ಗುಳ್ಳೆಯನ್ನು ಉಗುರಿನಿಂದಾಗಲಿ ಚಾಕುವಿನಿಂದಾಗಲಿ ಕೆರೆದು ನೋಡಕೂಡದು. ಕೆರೆದರೆ ಗಾಯವಾಗಿ ಇಲ್ಲದ ರೋಗಗಳೂ ಬರುತ್ತವೆ.

೨. ಮನುಷ್ಯರ ಸಿಡುಬಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಸಿಬ್ಬಂದಿಯವರು ಮನದಟ್ಟು ಮಾಡಿಕೊಳ್ಳತಕ್ಕದ್ದು. ಮನುಷ್ಯರದ್ದು ಹೋಗುವಾಗ ಗುಳಿ ಬಿಟ್ಟುಹೋಗುತ್ತದೆ. ಮೀನಿನದ್ದು ಉದುರಿದ ಮೇಲೆ ಗುರುತು ಉಳಿಯುವುದು ಅಪರೂಪ. ಹೋಲಿಸಿ ನೋಡಬಯಸುವವರು ಪರಿವೀಕ್ಷಕ ಮುನಿಕೃಷ್ಣಪ್ಪನವರ ಮುಖವನ್ನು ಕಚೇರಿ ವೇಳೆಯಲ್ಲಿ, ಬೆಳಕಿರುವಾಗ, ಉಚಿತವಾಗಿ ವೀಕ್ಷಿಸಬಹುದು. ಮುಟ್ಟಕೂಡದು. ಮೀನಿನ ರೋಗ ಮನುಷ್ಯರಿಗೆ ಅಂಟುವುದಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಪರಿವೀಕ್ಷಕರ ಮುಖದ್ದು ಹಳೆಯದು, ಅದಕ್ಕೂ ಮೀನಿಗೂ ಸಂಬಂಧ ಕಲ್ಪಿಸುವವರ ಮೇಲೆ ಶಿಸ್ತಿನ ಕ್ರಮ ಜರುಗಿಸಲಾಗುವುದು.

೩. ಈ ರೋಗಕ್ಕೆ ಕಾರಣ 'ವೈರಸ್' ಎಂಬ ವಿಷಾಣು ಇರಬಹುದೆಂದು ತಿಳಿದವರು ಶಂಕಿಸುತ್ತಾರೆ. ಸದರಿ ವೈರಸ್ ಬರಿಗಣ್ಣಿಗೂ ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣಿಸದೆ ತಲೆಮರೆಸಿಕೊಂಡಿದೆ. ಕೊಳದ ನಾಲ್ಕು ಮೂಲೆಗಳಲ್ಲಿಯೂ ನೋಟೀಸು ಅಂಟಿಸಿದಾಗ್ಯೂ ಹಾಜರಾಗಿ ಸಮಜಾಯಿಷಿ ನೀಡಿಲ್ಲ. ಮುಖ್ಯ ಆಪಾದಿತನನ್ನು ಬಿಟ್ಟು ಅವನ ಕಾಟಕ್ಕೆ ಒಳಗಾದ ಮೀನುಗಳನ್ನು ಶಿಕ್ಷಿಸುವುದು ಸರಿಯೇ ಎಂಬ ಬಗ್ಗೆ ಮೇಲಿನ ಕಚೇರಿಯಿಂದ ಸ್ಪಷ್ಟೀಕರಣ ಕೋರಲಾಗಿದೆ.

೪. ಆದೇಶದಲ್ಲಿರುವ 'ಕೂಡಲೇ' ಎಂಬ ಮಾತನ್ನು 'ಅಗತ್ಯವಾದ ಪೂರ್ವಭಾವಿ ಕ್ರಮಗಳೆಲ್ಲವೂ ಮುಗಿದ ಕೂಡಲೇ' ಎಂದು ಅರ್ಥೈಸತಕ್ಕದ್ದು. ಈ ಕಚೇರಿಯ ಛಾವಣಿ ಸೋರುವುದನ್ನು ಕೂಡಲೇ ಸರಿಪಡಿಸುವಂತೆ ಆದೇಶವಾದದ್ದು ಮಹಾಯುದ್ಧಕ್ಕೆ ಮುಂಚೆ. ಅಲ್ಲಿಯವರೆಗೆ ಕಡತ ನೆನೆಯದಿರಲೆಂದು ಇಟ್ಟ ಕೊಡೆ ಈಗಲೂ ಮೇಜಿನ ಮೇಲೆ ಬಿಚ್ಚಿಯೇ ಇದೆ.

೫. ಹೇಸರಗತ್ತೆಗಳ ಅಧ್ಯಾಯದ ಪ್ರಕಾರ, ಯಾವುದೇ ಪ್ರಾಣಿಯನ್ನು ನಾಶಪಡಿಸುವ ಮುನ್ನ ಅದರ ಬೆನ್ನಿನ ಜೀನು, ಲಗಾಮು ಮತ್ತು ನಾಲ್ಕು ಲಾಳಗಳನ್ನು ಉಗ್ರಾಣಕ್ಕೆ ಜಮಾ ಮಾಡಿ ರಸೀತಿ ಪಡೆಯತಕ್ಕದ್ದು. ಅಧ್ಯಾಯದ ಒಂದು ಕಲಮನ್ನು ಪಾಲಿಸಿ ಇನ್ನೊಂದನ್ನು ಬಿಡುವುದು ಕರ್ತವ್ಯಲೋಪವಾಗುತ್ತದೆ. ಆದ್ದರಿಂದ ಪ್ರತಿಯೊಂದು ಗೆಂಡೆ ಮೀನಿನ ಜೀನನ್ನೂ ಜಮಾ ಮಾಡಿಸತಕ್ಕದ್ದು. ಮೀನುಗಳು ಈ ಸಾಮಗ್ರಿಯನ್ನು ಎಲ್ಲಿ ಇಟ್ಟಿವೆಯೆಂದು ತಿಳಿದುಬಂದಿಲ್ಲ. ಉಗ್ರಾಣದವರನ್ನು ವಿಚಾರಿಸಲಾಗಿ, ಬಾರದ ಜೀನಿಗೆ 'ಬಂದಿದೆ' ಎಂದು ಬರೆದುಕೊಡಲಾಗದೆಂದೂ, 'ಬಂದಿಲ್ಲ' ಎಂದು ಬರೆದರೆ ಕಳವಿನ ಪ್ರಕರಣ ದಾಖಲಿಸಬೇಕಾಗುತ್ತದೆಂದೂ ತಿಳಿಸಿರುತ್ತಾರೆ. ವಿಷಯ ಪರಿಶೀಲನೆಯಲ್ಲಿದೆ.

೬. ಅದೇ ಅಧ್ಯಾಯದ ಪ್ರಕಾರ, ಪ್ರಾಣಿಯನ್ನು ಲಗಾಮು ಹಿಡಿದು ಗಟ್ಟಿನೆಲದ ಮೇಲೆ ನಡೆಸಿ, ಕುಂಟುತ್ತದೆಯೇ ಎಂದು ನೋಡಿ ಬರೆದಿಡತಕ್ಕದ್ದು. ಗಟ್ಟಿನೆಲಕ್ಕೆ ತಂದರೆ ಮೀನಿನ ಆರೋಗ್ಯ ಕೆಡುವ ಸಂಭವವಿರುವುದರಿಂದ, ನೀರನ್ನೇ ಗಟ್ಟಿನೆಲವೆಂದು ಪರಿಗಣಿಸಲು ಅನುಮತಿ ಕೋರಲಾಗಿದೆ. ಅನುಮತಿ ಬರುವವರೆಗೆ ಮೀನುಗಳು ಸ್ವಂತ ಹೊಣೆಯ ಮೇಲೆ ಈಜಬಹುದು.

೭. ಗೊರಸಿನ ಮೇಲೆ ಸುಟ್ಟ ನಂಬರಿನಿಂದ ಪ್ರಾಣಿಯನ್ನು ಗುರುತಿಸಿ ಹಾಜರಿ ಕರೆಯತಕ್ಕದ್ದು. ಗೊರಸಿಲ್ಲದ ಕಾರಣ, ಚಾಲ್ತಿಯಲ್ಲಿರುವ ಹೆಸರುಗಳಿಂದ ಕರೆಯಲು ಪ್ರಯತ್ನಿಸಲಾಯಿತು. ಹಂಗಾಮಿ ಅಧೀಕ್ಷಕರು ಕಟ್ಟೆಯ ಮೇಲೆ ನಿಂತು "ಮೂಗುಬಟ್ಟು! ದೊಡ್ಡಗೌಡ! ಗುಂಡಕ್ಕ!" ಎಂದು ಕೂಗಿದಾಗ ಒಂದೂ ಓಗೊಡಲಿಲ್ಲ. ಅಂಜಿನಮ್ಮನವರು ಕರೆದರೆ ಎಲ್ಲವೂ ಬಾಯಿ ತೆರೆದುಕೊಂಡು ಬರುತ್ತವೆ. ಆಕೆ ಕರೆಯುವುದಿಲ್ಲವೆಂದಿದ್ದಾರೆ. ಹಾಜರಿಯನ್ನು ಮುಂದೂಡಲಾಗಿದೆ.

೮. ನಾಶಪಡಿಸುವ ಕೆಲಸಕ್ಕೆ ಶಿವಾಜಿನಗರದ ಮೀನು ಅಂಗಡಿಯ ಅಹ್ಮದ್ ಪಾಷಾ ಅವರನ್ನು ಕರೆಸಲಾಗಿತ್ತು. ಅವರು ಕತ್ತಿ, ಹಲಗೆಗಳೊಡನೆ ಬಂದು, ಕೊಳದ ಮೆಟ್ಟಿಲ ಮೇಲೆ ಕುಳಿತು, ಮೀನುಗಳನ್ನು ಬಹಳ ಹೊತ್ತು ನೋಡಿ ಕೆಳಕಂಡ ಹೇಳಿಕೆ ಕೊಟ್ಟಿರುತ್ತಾರೆ: "ಕತ್ತರಿಸೋದು ನನ್ನ ಕಸುಬು ಸಾಬ್, ಇಲ್ಲ ಅನ್ನಲ್ಲ. ಆದ್ರೆ ತಿನ್ನೋಕೆ ಕತ್ತರಿಸ್ತೀನಿ, ಹೂಳೋಕೆ ಕತ್ತರಿಸಲ್ಲ. ಇವು ಹಸಿದ್ಕೊಂಡು ನನ್ನ ಕೈ ನೋಡ್ತಾ ಇವೆ. ಕಾಯಿಲೆಯವರು ಹಿಂಗೆ ನೋಡ್ತಾರಾ? ಅಮ್ಮಾಜಿ ಬೇರೆ ಬಾಗಿಲಲ್ಲಿ ಒನಕೆ ಹಿಡ್ಕೊಂಡು ನಿಂತವ್ರೆ. ನಾನು ಹೊರಟೆ." ಹೊರಡುವ ಮುನ್ನ ಅವರು ಜೇಬಿನಲ್ಲಿದ್ದ ಬನ್ನಿನ ಚೂರನ್ನು ಮೀನುಗಳಿಗೆ ಹಾಕಿದ್ದನ್ನು ಕಚೇರಿಯು ಕಂಡೂ ಕಾಣದಂತಿದೆ. ಬೇರೆ ಕಟುಕರನ್ನು ಗರುಡಾಚಾರ್‌ಪಾಳ್ಯದವರೆಗೂ ಹುಡುಕಲಾಗುತ್ತಿದೆ. ಹುಡುಕುವ ಕೆಲಸವನ್ನು ನಡೆಯಲು ಬಾರದಷ್ಟು ಕಾಲುನೋವಿರುವ ಜವಾನ ಚಿನ್ನಪ್ಪನವರಿಗೆ ವಹಿಸಲಾಗಿದೆ.

೯. ಈ ವಿಷಯದಲ್ಲಿ ಪರಿವೀಕ್ಷಕರು ಇಡುವ ಪ್ರತಿಯೊಂದು ಹೆಜ್ಜೆಗೂ ಹಂಗಾಮಿ ಅಧೀಕ್ಷಕರ ಲಿಖಿತ ಅನುಮತಿ ಪಡೆಯತಕ್ಕದ್ದು. ಇಬ್ಬರೂ ಒಬ್ಬರೇ ಎಂಬ ಕಾರಣಕ್ಕೆ ಸಲಿಗೆ ತೋರಕೂಡದು. ಪರಿವೀಕ್ಷಕರು ಮೇಜಿನ ಈಚೆ ಕುಳಿತು ಪತ್ರ ಬರೆದು, ಚಿನ್ನಪ್ಪನವರ ಕೈಗೆ ಕೊಟ್ಟು, ಎದ್ದು ಸುತ್ತಿ ಬಂದು, ಮೇಜಿನ ಆಚೆ ಕುಳಿತು ಅದನ್ನು ಸ್ವೀಕರಿಸತಕ್ಕದ್ದು. ಈವರೆಗೆ ಪರಿವೀಕ್ಷಕರು ಕಳುಹಿಸಿದ ಕರಡುಗಳೆಲ್ಲವನ್ನೂ ಅಕ್ಷರ ದುಂಡಾಗಿಲ್ಲವೆಂದು ಹಂಗಾಮಿ ಅಧೀಕ್ಷಕರು ಹಿಂದಿರುಗಿಸಿದ್ದಾರೆ. ಇದರಿಂದ ಪರಿವೀಕ್ಷಕರಿಗೆ ಬೇಸರವಾಗಿದೆ. ಮೇಲಧಿಕಾರಿ ಇಷ್ಟು ಕಟ್ಟುನಿಟ್ಟಾಗಿರಬಾರದಿತ್ತು ಎಂದು ಅವರು ಚಿನ್ನಪ್ಪನವರ ಬಳಿ ಹೇಳಿಕೊಂಡಿರುವುದು ಹಂಗಾಮಿ ಅಧೀಕ್ಷಕರ ಕಿವಿಗೂ ಬಿದ್ದಿದೆ.

೧೦. ಸಾರ್ವಜನಿಕರು ಕೊಳದ ಸುತ್ತ ಬೇವಿನ ತೋರಣ ಕಟ್ಟಲು ಅಡ್ಡಿಯಿಲ್ಲ. ಆದರೆ ಅಮ್ಮನಿಗೆ ತಂಪಾಗಲೆಂದು ಮೊಸರನ್ನವನ್ನು ಕೊಳದೊಳಕ್ಕೆ ಹಾಕಕೂಡದು. ಅನ್ನ ಕೊಳೆತು ನೀರು ಕೆಡುತ್ತದೆ, ಕೆಟ್ಟ ನೀರಿನಲ್ಲಿ ರೋಗ ಜಾಸ್ತಿಯಾಗುತ್ತದೆ. ಮೊಸರನ್ನವನ್ನು ಕಟ್ಟೆಯ ಮೇಲೆ ಬಾಳೆಲೆ ಹಾಸಿ ಇಡತಕ್ಕದ್ದು. ಅದರ ವಿಲೇವಾರಿಯನ್ನು ಕಚೇರಿ ಸಿಬ್ಬಂದಿ ಮಧ್ಯಾಹ್ನದ ವೇಳೆ ಮಾಡುತ್ತಾರೆ. ಉಪ್ಪಿನಕಾಯಿ ಜೊತೆಗಿಟ್ಟರೆ ಅಮ್ಮನಿಗೂ ಆಕ್ಷೇಪಣೆ ಇರಲಾರದು.

೧೧. ಬಾವಿಯ ತಣ್ಣೀರನ್ನು ಕೊಡಗಟ್ಟಲೆ ತಂದು ಕೊಳಕ್ಕೆ ಸುರಿಯುವುದನ್ನು ನಿಷೇಧಿಸಲಾಗಿದೆ. ಮನೆಯಲ್ಲಿ ಅಮ್ಮ ಬಂದರೆ ತಂಪು ಬೇಕು, ನಿಜ. ಮೀನಿಗೆ ಬಂದಿರುವ ಈ ರೋಗಕ್ಕೆ ಮಾತ್ರ ಚಳಿಯೇ ಇಷ್ಟ. ನೀರು ತಣ್ಣಗಿದ್ದಷ್ಟು ದಿನ ಅದು ಜಾಗ ಬಿಟ್ಟು ಕದಲುವುದಿಲ್ಲ. ಈ ಸಂಗತಿಯನ್ನು ಅಂಜಿನಮ್ಮನವರಿಗೆ ತುರ್ತಾಗಿ ತಿಳಿಸಬೇಕಾಗಿದೆ. ಆಕೆಯೂ ಪರಿವೀಕ್ಷಕರೂ ಒಂದೇ ಸೂರಿನಡಿ ವಾಸವಿದ್ದರೂ ಮಾತುಕತೆ ಸ್ಥಗಿತಗೊಂಡಿರುವ ಕಾರಣ, ಹಲಸೂರು ಪೇಟೆಯಲ್ಲೆಲ್ಲ ತಮಟೆ ಸಾರಿಸಲಾಗುವುದು. ತಮಟೆಯವರು ಸದರಿ ಮನೆಯ ಅಡುಗೆಮನೆಯ ಕಿಟಕಿಯ ಬಳಿ ಹೆಚ್ಚು ಹೊತ್ತು ನಿಲ್ಲತಕ್ಕದ್ದು.

೧೨. ಕೊಳದ ಮೇಲೆ ಬಾಗಿರುವ ಹೊಂಗೆಯ ಕೊಂಬೆಗಳನ್ನು ಕಡಿಸಿ, ನೀರಿನ ಮೇಲೆ ದಿನವಿಡೀ ಬಿಸಿಲು ಬೀಳುವಂತೆ ಮಾಡತಕ್ಕದ್ದು. ನಾಶಪಡಿಸಬೇಕಾದ ಮೀನುಗಳು ಪರಿವೀಕ್ಷಕರ ಕಣ್ಣಿಗೆ ಸ್ಪಷ್ಟವಾಗಿ ಕಾಣಲಿ ಎಂಬುದಷ್ಟೇ ಇದರ ಉದ್ದೇಶ. ಬಿಸಿಲಿನಿಂದ ನೀರು ಬೆಚ್ಚಗಾಗುವುದಾದರೆ ಅದಕ್ಕೆ ಸೂರ್ಯನೇ ಜವಾಬ್ದಾರಿ.

೧೩. ಹೊಸ ಮೀನುಗಳನ್ನು ನೇರವಾಗಿ ಕೊಳಕ್ಕೆ ಬಿಡದೆ, ಕೆಲಕಾಲ ಬೇರೆ ತೊಟ್ಟಿಯಲ್ಲಿಟ್ಟು ನೋಡಿ ಬಿಡತಕ್ಕದ್ದು. ಬಲೆ, ಬಾಲ್ದಿಗಳನ್ನು ಬಳಸಿದ ಮೇಲೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸತಕ್ಕದ್ದು. ಕಗ್ಗದಾಸಪುರದ ಕೆರೆಯ ಕಡೆಯಿಂದ ಬರುವ ಬೆಳ್ಳಕ್ಕಿಗಳು ಗುಡಿಯ ಗೋಪುರದ ಮೇಲೆ ಕುಳಿತು ಕಾಲು ಒಣಗಿಸಿಕೊಂಡ ನಂತರವೇ ಕೊಳಕ್ಕಿಳಿಯತಕ್ಕದ್ದು. ರೋಗಪೀಡಿತ ಮೀನನ್ನು ನುಂಗಬಯಸುವ ಬೆಳ್ಳಕ್ಕಿಯು ಮುಂಚಿತವಾಗಿ ಅರ್ಜಿ ಸಲ್ಲಿಸಿ, ಅದರ ಜೀನಿನ ರಸೀತಿಯನ್ನು ಲಗತ್ತಿಸತಕ್ಕದ್ದು.

೧೪. ಸಿಡುಬೆಂದು ಕೇಳಿ, ಅದರ ಲಸಿಕೆಯಾದ ದಾಕು ಹಾಕುವವರೊಬ್ಬರು ಪೆಟ್ಟಿಗೆಯೊಡನೆ ಬಂದಿದ್ದರು. ಎಡತೋಳಿನ ಮೇಲ್ಭಾಗದಲ್ಲಿಯೇ ದಾಕು ಹಾಕಬೇಕೆಂಬುದು ಅವರ ಇಲಾಖೆಯ ನಿಯಮ. ಮೀನಿನ ಎಡತೋಳು ಯಾವುದೆಂದು ತೀರ್ಮಾನವಾಗದೆ, ಕೈಗೆ ಸಿಕ್ಕ ಚಿನ್ನಪ್ಪನವರಿಗೇ ಹಾಕಿ ಹೋಗಿದ್ದಾರೆ. ಚಿನ್ನಪ್ಪನವರಿಗೆ ಜ್ವರ ಬಂದಿದೆ. ಕಟುಕರ ಹುಡುಕಾಟ ಇದರಿಂದ ಮತ್ತಷ್ಟು ತಡವಾಗಲಿದೆ.

೧೫. ಈ ರೋಗಕ್ಕೆ ಔಷಧಿ ಇಲ್ಲವೆಂದೂ, ಚಳಿ ಮುಗಿದು ನೀರು ಬೆಚ್ಚಗಾದರೆ ಗುಳ್ಳೆಗಳು ತಾವಾಗಿಯೇ ಉದುರುತ್ತವೆಂದೂ, ಮುಂದಿನ ಚಳಿಗೆ ಮರಳಿದರೂ ಮರಳಬಹುದೆಂದೂ ಇಂಗ್ಲಿಷರ ಸೀಮೆಯಿಂದ ಬಂದ ಪುಸ್ತಕವೊಂದರಲ್ಲಿ ಬರೆದಿದೆ. ಪರಿವೀಕ್ಷಕರು ಅದನ್ನು ವರದಿ ಕಳುಹಿಸುವ ಮೊದಲೇ ಓದಬಹುದಾಗಿತ್ತು. ಓದಿದ್ದು ಆಮೇಲೆ. ಸದರಿ ಪುಸ್ತಕವನ್ನು ಉಲ್ಲೇಖಿಸಿ ಆದೇಶ ರದ್ದು ಮಾಡಲು ಕೋರಿದ್ದಕ್ಕೆ, ಪುಸ್ತಕವು ಕಪಾಟಿನಲ್ಲಿ ಇರಲಿಲ್ಲವಾದ್ದರಿಂದ ಪರಿಗಣಿಸಲಾಗದೆಂದು ಉತ್ತರ ಬಂದಿದೆ.

೧೬. ಆದ್ದರಿಂದ, ಮೇಲ್ಕಂಡ ಕ್ರಮಗಳೆಲ್ಲ ಮುಗಿದ ಕೂಡಲೇ, ಅಂದರೆ ಯುಗಾದಿ ಕಳೆದು ಬಿಸಿಲು ನೆತ್ತಿ ಸುಡುವ ದಿನಗಳಲ್ಲಿ, ಪರಿವೀಕ್ಷಕರು ಬಲೆಯೊಡನೆ ಕೊಳಕ್ಕಿಳಿಯತಕ್ಕದ್ದು. ಆದೇಶವಿರುವುದು ಗುಳ್ಳೆಯಿರುವ ಮೀನುಗಳ ಬಗ್ಗೆ. ಗುಳ್ಳೆಯಿಲ್ಲದ ಮೀನು ಆದೇಶದಲ್ಲಿ ಹೇಳಿದ ಮೀನಲ್ಲ. ಆದೇಶದಲ್ಲಿ ಹೇಳಿದ ಮೀನುಗಳು ಅಂದು ಕೊಳದಲ್ಲಿ ಕಂಡುಬಾರದಿದ್ದರೆ, ಅವು ನಾಶವಾಗಿವೆಯೆಂದು ಭಾವಿಸತಕ್ಕದ್ದು. ಹಾಗೆ ನಾಶವಾಗಿವೆಯೆಂದು ಭಾವಿಸಲ್ಪಟ್ಟ ಮೀನುಗಳಿಗೆ ದಿನಾ ಬೆಳಿಗ್ಗೆ ತಪ್ಪದೆ ತಿಂಡಿ ಹಾಕತಕ್ಕದ್ದು.

೧೭. ಇಷ್ಟಾಗಿಯೂ ಮೇಲಿನ ಕಚೇರಿಯವರು ಒಪ್ಪದಿದ್ದಲ್ಲಿ, ಪೂರ್ತಿ ಹೊಣೆ ಹಂಗಾಮಿ ಅಧೀಕ್ಷಕರದು. ಪರಿವೀಕ್ಷಕರು ಮೇಲಧಿಕಾರಿ ಹೇಳಿದಂತೆ ಮಾಡಿದ ಬಡಪಾಯಿ, ಅವರನ್ನು ದೂರಕೂಡದು. ಹಂಗಾಮಿ ಅಧೀಕ್ಷಕರಿಗೆ ಹೆದರಿಕೆ ಇಲ್ಲವೆಂದಲ್ಲ, ಇದೆ. ಬರೆಯುವಾಗ ಕೈಯಿಂದ ಮಸಿ ಚೆಲ್ಲಿದ್ದನ್ನು ಓದುಗರು ಮನ್ನಿಸತಕ್ಕದ್ದು. ಆದರೆ ಮೈಯೆಲ್ಲ ಗುಳ್ಳೆಯೆದ್ದು ಮಲಗಿದ್ದವನೊಬ್ಬನನ್ನು ಯಾರಿಗೂ ಒಪ್ಪಿಸದೆ, ಅದು ಹೋಗುವವರೆಗೂ ಒಬ್ಬರು ಪಕ್ಕದಲ್ಲಿ ಕಾದು ಕುಳಿತಿದ್ದರಿಂದಲೇ ಈ ಕೈ ಇಂದು ಇಲ್ಲಿದೆ. ಆ ಕೈಯಿಂದ ಬೇರೆ ಬಗೆಯ ಸುತ್ತೋಲೆ ಬರೆಯಲು ಸಾಧ್ಯವಾಗಿಲ್ಲವೆಂದು ವಿಷಾದವಿಲ್ಲದೆ ತಿಳಿಸಲಾಗಿದೆ.

ಸಹಿ/-
ಮುನಿಕೃಷ್ಣಪ್ಪ
ಹಂಗಾಮಿ ಅಧೀಕ್ಷಕರು

ಕರಡು ತಯಾರಿಸಿದವರು: ಮುನಿಕೃಷ್ಣಪ್ಪ, ಪರಿವೀಕ್ಷಕರು
ಕರಡನ್ನು ತಿದ್ದಿ, ಕೊನೆಗೂ ಅಕ್ಷರ ದುಂಡಾಗಿದೆಯೆಂದು ಒಪ್ಪಿದವರು: ಹಂಗಾಮಿ ಅಧೀಕ್ಷಕರು

ಪ್ರತಿಗಳು:

೧. ಮೇಲಿನ ಕಚೇರಿಗೆ, ಸಾದರ ಅವಗಾಹನೆಗಾಗಿ. ಕೆ.ಆರ್. ಪುರದ ಸಂತೆಗೆ ಹೋಗಿ ಬರುವ ಎತ್ತಿನ ಗಾಡಿಯಲ್ಲಿ.
೨. ಅಧೀಕ್ಷಕರಿಗೆ, ಮದುವೆ ಮುಗಿದು, ಬೀಗರೂಟ ಮುಗಿದು, ರಜೆ ಮುಗಿದ ಮೇಲೆ.
೩. ಪರಿವೀಕ್ಷಕ ಮುನಿಕೃಷ್ಣಪ್ಪನವರಿಗೆ, ತಪ್ಪದೆ ಪಾಲಿಸಲು. ಮೇಜಿನ ಈಚೆ ಬದಿಗೆ ತಲುಪಿಸಲಾಗಿದೆ.
೪. ಉಗ್ರಾಣಕ್ಕೆ, ಜೀನುಗಳಿಗೆ ಜಾಗ ಕಾದಿರಿಸಲು.
೫. ಶ್ರೀ ಅಹ್ಮದ್ ಪಾಷಾ ಅವರಿಗೆ, ವಂದನೆಗಳೊಂದಿಗೆ.
೬. ಗೆಂಡೆ ಮೀನುಗಳಿಗೆ. ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಲಾಯಿತು. ನಿಗದಿತ ಅವಧಿಯೊಳಗೆ ಆಕ್ಷೇಪಣೆ ಬಂದಿಲ್ಲ.
೭. ಶ್ರೀಮತಿ ಅಂಜಿನಮ್ಮನವರಿಗೆ. ಆಕೆಗೆ ಓದು ಬಾರದ ಕಾರಣ, ಪರಿವೀಕ್ಷಕರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮೊದಲಿಂದ ಕೊನೆಯವರೆಗೆ ಓದಿ ಹೇಳಿದರು. ಆಕೆ ಎದ್ದು, ತಟ್ಟೆ ತೊಳೆದು ತಂದಿಟ್ಟು, ಮುದ್ದೆ ಬಡಿಸಿದರು. ಇದನ್ನೇ ಸ್ವೀಕೃತಿಯೆಂದು ಪರಿಗಣಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.